ಹೋದ ವಾರದ ತೊಗರಿ ರೇಟಿನ ಬರಹ ತಪ್ಪು, ಅದರ ಜೊತಿಗೆ ಇನ್ನೊಂದು ಮಾತು



ಹೋದ ವಾರ ಒಂದು ಬರಹ ಹಾಕಿದ್ದೆ. ಒಂದೇ ದಿನ, ಒಂದೇ ಅಡತಿ ಅಂಗಡಿ, ಆದ್ರೂ ನಮ್ಮ ಅಣ್ಣನ ತೊಗರಿಗಿಂತ ನನ್ನ ತೊಗರಿಗೆ ಕ್ವಿಂಟಲಿಗೆ 300 ರೂಪಾಯಿ ಕಡಿಮಿ ಹಾಕ್ಯಾರ, ಇದು ಮೋಸ ಅಂತ. ಭಾಳ ಮಂದಿ ಶೇರ್ ಮಾಡಿದ್ರಿ. ಅದು ತಪ್ಪು. ಅಣ್ಣ ರಾಶಿ ಆದ ಮ್ಯಾಲ ಎರಡು ದಿನ ತಾಡಪತ್ರಿ ಮ್ಯಾಲ ಒಣಗಿಸಿ ಒಯ್ದಿದ್ದ. ನಾನು ಮಷಿನ್‌ನಿಂದ ನೇರ ಚೀಲಕ್ಕ ತುಂಬಿ ಒಯ್ದಿದ್ದೆ. ಮನ್ಯಾಗ ಉಳಿದ ಅದೇ ಮಾಲು ಒಯ್ದು ತೇವ ಅಳೆಸಿದೆ, 15ರ ಹತ್ರ ಬಂತು. ಬೆಂಬಲ ಬೆಲೆ ಖರೀದಿಗೆ 12 ಪರ್ಸೆಂಟ್ ದಾಟಬಾರದು ಅಂತ ನಿಯಮ ಅದ. ಹಳೆ ಬರಹ ತೆಗೆದಿಲ್ಲ, ಅದರ ತಲಿ ಮ್ಯಾಲ 'ಇದು ತಪ್ಪು' ಅಂತ ಬರೆದೀನಿ.

ತಪ್ಪು ಹಿಡಿದವ ನಮ್ಮ ಅಣ್ಣ. ಅದು ನನಗ ಯಾಕ ಇಷ್ಟು ನಾಟಿತು ಅಂತ ಹೇಳಬೇಕಂದ್ರ, ಟಿವಿ ಮಾತು ತೆಗೀಬೇಕಾಗ್ತದ.

ನಿಮಗ ಗೊತ್ತದ, ನಾನು ರವೀಶ್ ಕುಮಾರ್ ಅವರ ಅಭಿಮಾನಿ. ಎನ್‌ಡಿಟಿವಿ ಇಂಡಿಯಾದಾಗ ರಾತ್ರಿ ಒಂಬತ್ತಕ್ಕ ಪ್ರೈಮ್ ಟೈಮ್ ಬರ್ತಿತ್ತು. "ನಮಸ್ಕಾರ್, ಮೈಂ ರವೀಶ್ ಕುಮಾರ್" ಅಂದ್ರ ಸಾಕು, ನಾನು ಊಟದ ತಾಟು ತಗೊಂಡು ಟಿವಿ ಮುಂದ. ನಮ್ಮ ಆಳಂದ ಕಡಿ ಸಂತಿಗೆ ಹೋಗಿ ಬಂದವರಿಗೆ ಹಿಂದಿ ತಾನೇ ಬರ್ತದ, ಅದಕ್ಕ ತಿಳೀತಿತ್ತು. ಆ ಮನುಷ್ಯ ಬಿಹಾರದ ಮೋತಿಹಾರಿ ಕಡಿ ಹಳ್ಳಿಯವ. ಚೀರ್ತಿರಲಿಲ್ಲ. ಕೈಯಾಗ ಕಾಗದ ಇಟ್ಕೊಂಡು, ಸರ್ಕಾರ ಹೋದ ವರ್ಷ ಏನು ಹೇಳಿತ್ತು, ಈ ವರ್ಷ ಏನಾಗ್ಯಾದ, ಎಷ್ಟು ಹುದ್ದೆ ಖಾಲಿ ಅವ, ಪರೀಕ್ಷೆ ಬರೆದ ಹುಡುಗರು ಎಷ್ಟು ವರ್ಷ ಕಾಯ್ಲಾಕತ್ತ್ಯಾರ ಅಂತ ಒಂದೊಂದೇ ಓದ್ತಿದ್ದ. ಕಾಲೇಜುಗಳ ಮ್ಯಾಲ, ನೌಕರಿಗಳ ಮ್ಯಾಲ ದಿನಾ ದಿನಾ ಅದೇ ವಿಷಯ ಹಿಡಿದು ಕೂತಿದ್ದ. 2016ರ ಫೆಬ್ರವರಿ 19ಕ್ಕ ಟಿವಿ ಪರದೆ ಪೂರಾ ಕಪ್ಪು ಮಾಡಿ, ಚಾನೆಲ್‌ನವರು ಚೀರೋ ದನಿ ಅಷ್ಟೇ ಕೇಳಿಸಿದ. ನಮ್ಮಾಕಿ ಟಿವಿ ಕೆಟ್ಟದ ಅಂತ ಡಬ್ಬಿ ಮ್ಯಾಲ ಎರಡು ಬಡಿದಳು.

ಅದಾದ ಮ್ಯಾಲಿನ ವರ್ಷದ ತೊಗರಿ ಯಾರೂ ಮರೆತಿರಲಿಕ್ಕಿಲ್ಲ. 2015ರಾಗ ಬ್ಯಾಳಿ ಕಿಲೋಗೆ 200 ಮುಟ್ಟಿತ್ತು, ಎಲ್ಲಾರೂ ತೊಗರಿನೇ ಬಿತ್ತಿದ್ವಿ. ಬೆಳಿ ದೇಶದಾಗೇ ದಾಖಲೆ ಆತು, ರೇಟು ಬಿತ್ತು. ಕೇಂದ್ರದ 5,050ಕ್ಕ ರಾಜ್ಯ 450 ಕೂಡಿಸಿ 5,500 ಕೊಡ್ತೀವಿ ಅಂದ್ರು. ಖರೀದಿ ಕೇಂದ್ರದ ಮುಂದ ಗೋಣಿಚೀಲ ಇಲ್ಲಂತ ನಾನು ಮೂರು ರಾತ್ರಿ ಟ್ರಾಲಿ ಕೆಳಗ ಮಲಗಿದೆ. ಆಗ ನನಗ ಹೊಳೀತು, ಅವ ಮಾಡೋದು ನಾನೂ ಮಾಡಬಹುದಲ್ಲ ಅಂತ. ಹತ್ತು ರೂಪಾಯಿ ನೋಟ್‌ಬುಕ್ ತಂದು ತಾರೀಖು, ರೇಟು, ಎಷ್ಟು ಗಾಡಿ ನಿಂತಾವ, ಎಷ್ಟು ಚೀಲ ಬಂದಾವ ಅಂತ ಬರೀಲಿಕ್ಕೆ ಹತ್ತಿದೆ. ಮಗನ ಕೈಲಿ ಮೊಬೈಲ್‌ನಾಗ ಹುಡುಕಿಸಿದಾಗ, 2016ರ ಜುಲೈದಾಗೇ ಮೊಜಾಂಬಿಕ್‌ನಿಂದ ಐದು ವರ್ಷ ತೊಗರಿ ತರೋ ಒಪ್ಪಂದ ಆಗಿತ್ತು, ಮೊದಲ ವರ್ಷ 1 ಲಕ್ಷ ಟನ್, ಐದನೇ ವರ್ಷಕ್ಕ 2 ಲಕ್ಷ ಅಂತ ಗೊತ್ತಾತು. ನಾವು ಬಿತ್ತೋ ಹೊತ್ತಿನಾಗೇ ನೋಡ್ರಿ. ಆ ನೋಟ್‌ಬುಕ್ಕೇ ಮುಂದ ಈ ಪೇಜ್ ಆಗ್ಯಾದ.

ಇಲ್ಲಿ ತನಕ ಹೆಮ್ಮಿ. ಇನ್ನ ಮುಂದಿನದು ಹೇಳಲಿಕ್ಕೆ ಸಂಕೋಚ ಆಗ್ತದ.

2020ರಾಗ ದಿಲ್ಲಿ ಗಡಿಯಾಗ ರೈತರು ಕೂತ್ರು. ಅಣ್ಣ ಬ್ಯಾರೆ ಚಾನೆಲ್ ನೋಡವ. "ಅವರು ರೈತರೇ ಅಲ್ಲ" ಅಂದ. "ನೀನು ಬುದ್ಧಿ ಅಡಾ ಇಟ್ಟೀದಿ" ಅಂದೆ ನಾನು. ನಡುವ ಬದು ಒಂದೇ, ಬಾವಿ ಒಂದೇ, ಮಾತು ನಿಂತ್ವು. ಅವ ಒಂದು ಸಲ ಕೇಳಿದ್ದ: "ಎಪಿಎಂಸಿ ಹೊರಗ ಮಾರಲಿಕ್ಕೆ ಬಿಟ್ರ ನಿನಗೇನು ಲುಕ್ಸಾನು, ಹೇಳು." ಅದು ಖರೇನೇ ಕೇಳೋ ಪ್ರಶ್ನೆ. ತೂಕದಾಗ ಅವನಿಗೆ ಹಿಂದ ಪೆಟ್ಟು ಬಿದ್ದಿತ್ತು, ಅದಕ್ಕ ಕೇಳಿದ್ದ. ನಾನು ಉತ್ತರ ಕೊಡಲಿಲ್ಲ. ಇದು ಅವನ ಟಿವಿ ಮಾತಾಡಿಸ್ಲಾಕತ್ತದ ಅಂದ್ಕೊಂಡೆ. 2021ರ ನವೆಂಬರ್ 19ಕ್ಕ ಮೂರೂ ಕಾಯ್ದೆ ವಾಪಸ್ ತಗೊಳ್ತೀವಿ ಅಂದ ದಿನ ಅರ್ಧ ಕಿಲೋ ಪೇಡಾ ಅವರ ಮನಿಗೆ ಕಳಿಸಿದೆ. ಖುಷಿಗೆ ಅಲ್ಲ, ಚುಚ್ಚಲಿಕ್ಕೆ. ಪೊಟ್ಟಣ ಬಿಚ್ಚದೇ ವಾಪಸ್ ಬಂತು. ಅತ್ತಿಗಿ ಕಣ್ಣಾಗ ನೀರಿತ್ತು ಅಂತ ಮಗ ಹೇಳಿದ.

2022ರ ನವೆಂಬರ್ 30ಕ್ಕ ರವೀಶ್ ಆ ಚಾನೆಲ್ ಬಿಟ್ರು, ಅದು ಅದಾನಿ ಕೈಗೆ ಹೋಗೋ ಹೊತ್ತು. ಈಗ ಯೂಟ್ಯೂಬ್‌ನಾಗ ಬರ್ತಾರ, ಸ್ಪ್ರೇ ಪಂಪ್ ತೊಳೀತಾ ಕೇಳ್ತೀನಿ. ಅವರು ಎಷ್ಟೋ ಸಲ ಹೇಳ್ಯಾರ, ಟಿವಿ ಸುದ್ದಿ ನೋಡೋದೇ ಬಿಡ್ರಿ ಅಂತ. ನಾನು ತಲಿ ಆಡಿಸ್ತಿದ್ದೆ, ಅಣ್ಣನ ಟಿವಿಗೆ ಹೇಳ್ಲಾಕತ್ತ್ಯಾರ ಅಂತ. ಯೂಟ್ಯೂಬ್ ನನಗ ನಾನು ಒಪ್ಪೋದನ್ನೇ ಒಂದಾದ ಮ್ಯಾಲ ಒಂದು ತಂದು ಇಡ್ತದ, ಅಣ್ಣಗ ಅವ ಒಪ್ಪೋದನ್ನ.

ಮೊನ್ನೆ ಅಣ್ಣ ತಾನೇ ಬದು ದಾಟಿ ಬಂದ. ಕೈಯಾಗ ಅವನ ಪಟ್ಟಿ, ಮೊಬೈಲ್‌ನಾಗ ನನ್ನ ಬರಹ. ಇಷ್ಟು ದಿನ ಅವ ಈ ಪೇಜ್ ಓದ್ತಿದ್ದ ಅಂತ ನನಗ ಗೊತ್ತೇ ಇರಲಿಲ್ಲ. "ತೇವ ಎಷ್ಟಿತ್ತು ತಮ್ಮಾ? ಅಳೆಸಿದ್ಯೇನು? ಅಳೆಸದೇ ಮೋಸ ಅಂತ ಬರೆದ್ಯಾ?" ಅಂದ.

ಚೀರಲಿಲ್ಲ. ಕಾಗದ ಕೈಯಾಗ ಹಿಡಿದು, ಒಂದೊಂದೇ ಕೇಳಿದ. ಹತ್ತು ವರ್ಷ ಯಾರ ಬಾಯಿಂದ ಅಂಥ ಪ್ರಶ್ನೆ ಕೇಳಿ ಖುಷಿ ಪಟ್ಟಿದ್ದೆನೋ, ಅದೇ ಪ್ರಶ್ನೆ ನನ್ನ ಹೊಲದಾಗ ನನಗ ಬಂದಾಗ ಮಾರಿ ಸಣ್ಣದಾತು. ವ್ಯಾಪಾರಿ ಅಂದ್ರ ಮೋಸನೇ ಅಂತ ನನ್ನ ಮನಸ್ಸಿನಾಗ ಮೊದಲೇ ಬರೆದಿಟ್ಟಿದ್ದೆ, ಪಟ್ಟಿ ಆಮ್ಯಾಲ ನೋಡಿದ್ದೆ.

ನಾನು ಈಗೂ ಅವರ ಅಭಿಮಾನಿನೇ, ಬಿಡಂಗಿಲ್ಲ. ಅಣ್ಣನೂ ಅವನ ಚಾನೆಲ್ ಬಿಟ್ಟಿಲ್ಲ. ಪೇಡಾದ ಮಾತಿಗೆ ತಪ್ಪಾತು ಅಂದೆ. "ಅದು ಹಳಸಿದ ಪೇಡಾ ಬಿಡೋ" ಅಂದು ಚಾ ಕುಡಿದು ಹೋದ. ಎಪಿಎಂಸಿ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ, ಐದು ವರ್ಷದ ಪಟ್ಟಿ ಇಬ್ಬರದೂ ಮುಂದ ಇಟ್ಕೊಂಡು ಕೂಡಬೇಕಂತ ಮಾಡೀವಿ.

ಕಡಿ ಮಾತು. ರಾಶಿ ಆದ ಕೂಡಲೇ ಚೀಲ ತುಂಬಬ್ಯಾಡ್ರಿ. ಎರಡು ದಿನ ಚೊಲೋ ಬಿಸಲಿಗೆ ತೆಳ್ಳಗ ಹರಡ್ರಿ, ಸಂಜಿಗೆ ಮಂಜು ಬೀಳೋಕಿಂತ ಮೊದಲು ಮುಚ್ಚ್ರಿ. ಮಾರೋ ಮುಂದ ತೇವ ನಿಮ್ಮ ಕಣ್ಣೆದುರು ಅಳೆಸಿ ಪಟ್ಟಿ ಮ್ಯಾಲ ಬರೆಸ್ರಿ. ನಾನು ಬರೆದಿದ್ದರಾಗ ಮತ್ತ ತಪ್ಪು ಕಂಡ್ರ ಕೆಳಗ ಬರೀರಿ. ಪಟ್ಟಿ ಇದ್ರ ಅದರ ಫೋಟೋನೂ ಹಾಕ್ರಿ.