ದಯೆಗೂ ಅಭ್ಯಾಸ ಬೇಕು

ಜೀವಿಗಳ ಮೇಲೆ ದಯೆಯಿರಬೇಕೆಂಬುದನ್ನು ಒಪ್ಪದವರು ವಿರಳ. ಆದರೆ ದಯೆಯೂ ಒಂದು ವಿದ್ಯೆ, ಅದನ್ನೂ ಅಭ್ಯಾಸದಿಂದಲೇ ಸಂಪಾದಿಸಬೇಕು ಎಂದು ನೆನೆಯುವವರು ಇನ್ನೂ ವಿರಳ. ಅರಿವಿಲ್ಲದ ಅನುಕಂಪ ಕೆಲವೊಮ್ಮೆ ಕ್ರೌರ್ಯದಷ್ಟೇ ಹಾನಿ ಮಾಡಬಲ್ಲುದು. ಇದಕ್ಕೆ ಕಡಲಾಮೆಗಳ ರಕ್ಷಣಾಕಾರ್ಯ ಒಂದು ಒಳ್ಳೆಯ ನಿದರ್ಶನ.

ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು ಪ್ರತಿವರ್ಷ ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿಯಲ್ಲಿ ಚೆನ್ನೈ ತೀರಕ್ಕೆ ಮೊಟ್ಟೆಯಿಡಲು ಬರುತ್ತವೆ. 1970ರ ದಶಕದ ಆರಂಭದಲ್ಲಿ ರೊಮುಲಸ್ ವಿಟೇಕರ್ ಮತ್ತು ಸಂಗಡಿಗರು ಅಲ್ಲಿ ರಾತ್ರಿ ನಡೆದು ಗೂಡುಗಳನ್ನು ಹುಡುಕುವ ಪದ್ಧತಿಯನ್ನು ಪ್ರಾರಂಭಿಸಿದರು. 1988ರಲ್ಲಿ ವಿದ್ಯಾರ್ಥಿಗಳೇ ಕಟ್ಟಿದ ಸಂಘಟನೆಯೊಂದು ಆ ಕಾರ್ಯವನ್ನು ಮುಂದುವರಿಸಿತು. ಅಂದಿನಿಂದ ಎಷ್ಟೋ ತರುಣರಿಗೆ ಆ ಮರಳೇ ಪಾಠಶಾಲೆಯಾಗಿದೆ.

ಅಲ್ಲಿ ಮೊದಲ ಪಾಠ ನಡಿಗೆ. ನಡುರಾತ್ರಿಯಲ್ಲಿ ಹಲವು ಕಿಲೋಮೀಟರ್ ಮರಳಿನ ಮೇಲೆ ಸಾಗಬೇಕು. ಎಷ್ಟೋ ರಾತ್ರಿ ಒಂದು ಆಮೆಯೂ ಕಾಣದು. ಕಂಡರೂ ಓಡಿ ಹತ್ತಿರ ಹೋಗಬಾರದು, ಬೆಳಕು ಹಾಯಿಸಬಾರದು. ನೀರಿನಿಂದ ಮೇಲೇರಿ ಬರುತ್ತಿರುವ ತಾಯಿ ಬೆದರಿದರೆ ಮೊಟ್ಟೆಯಿಡದೆಯೇ ಹಿಂದಿರುಗುವುದುಂಟು. ನೋಡಬೇಕೆಂಬ ಆಸೆಯನ್ನು ತಡೆದುಕೊಳ್ಳುವುದೇ ಇಲ್ಲಿನ ಮೊದಲ ಸಂಯಮ.

ಎರಡನೆಯ ಪಾಠ ಕೈಗೆ ಸಂಬಂಧಿಸಿದುದು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳಿರುತ್ತವೆ. ಅವು ಇದ್ದಲ್ಲಿಯೇ ಕ್ಷೇಮವಾಗಿರುವುದಾದರೆ ಮುಟ್ಟದಿರುವುದೇ ಉತ್ತಮ. ನಾಯಿಗಳ ಹಾವಳಿಯೂ ನಗರದ ದೀಪಗಳೂ ಇರುವ ಕಡೆ ಅವನ್ನು ಹ್ಯಾಚರಿಗೆ ಸಾಗಿಸುವುದು ಅನಿವಾರ್ಯವಾಗುತ್ತದೆ. ಆಗ ಕೆಲವೇ ಗಂಟೆಗಳೊಳಗೆ ಕೆಲಸ ಮುಗಿಯಬೇಕು. ತಡವಾದಂತೆ ಭ್ರೂಣವು ಚಿಪ್ಪಿನ ಒಳಪೊರೆಗೆ ಅಂಟಿಕೊಳ್ಳುತ್ತದೆ. ಅನಂತರ ಮೊಟ್ಟೆಯನ್ನು ಹೊರಳಿಸಿದರೆ ಒಳಗಿನ ಜೀವ ಉಳಿಯುವುದು ಕಷ್ಟ. ಹೊಸ ಗುಂಡಿಯೂ ತಾಯಿ ತೋಡಿದಂತೆಯೇ ಇರಬೇಕು. ಬಾಯಿ ಕಿರಿದು, ತಳ ಅಗಲ, ಆಳ ಸುಮಾರು ಒಂದೂವರೆ ಅಡಿ. ಕಡಲಾಮೆಯ ಮರಿ ಹೆಣ್ಣೋ ಗಂಡೋ ಎಂಬುದನ್ನು ನಿರ್ಧರಿಸುವುದು ಮರಳಿನ ಉಷ್ಣತೆ. ಹೆಚ್ಚು ಬಿಸಿಯಲ್ಲಿ ಹೆಣ್ಣು, ಕಡಿಮೆ ಬಿಸಿಯಲ್ಲಿ ಗಂಡು. ಹೀಗಾಗಿ ಹ್ಯಾಚರಿಗೆ ನೆರಳು ಕಟ್ಟುವಾತನು ತನಗೆ ಅರಿವಿಲ್ಲದೆಯೇ ಒಂದು ಪೀಳಿಗೆಯ ಸ್ವರೂಪವನ್ನು ಬದಲಿಸಬಲ್ಲನು.

ಸುಮಾರು ಐವತ್ತು ದಿನಗಳ ಬಳಿಕ ಮರಿಗಳು ಹೊರಬಂದಾಗ ಹೊಸಬನಿಗೆ ಅವನ್ನು ಎತ್ತಿ ನೀರಿಗೆ ಬಿಡುವ ಆಸೆಯಾಗುತ್ತದೆ. ಅದೂ ಸಲ್ಲದು. ಅವನ್ನು ಮರಳಿನ ಮೇಲಿರಿಸಿ ತಾವಾಗಿಯೇ ತೆವಳಲು ಬಿಡಬೇಕು. ದಾರಿ ಅವುಗಳದು; ದಾರಿತಪ್ಪಿಸುವ ದೀಪಗಳನ್ನು ನಿವಾರಿಸುವುದಷ್ಟೇ ಮನುಷ್ಯನ ಪಾಲು.

ಇಂತಹ ಅಭ್ಯಾಸಕ್ಕೆ ಮೇಲ್ಪಂಕ್ತಿ ಹಾಕಿದವರು ಸತೀಶ್ ಭಾಸ್ಕರ್. ಮದರಾಸಿನಲ್ಲಿ ಇಂಜಿನಿಯರಿಂಗ್ ವ್ಯಾಸಂಗವನ್ನು ತೊರೆದು, ಭಾರತದ ಕರಾವಳಿಯನ್ನೂ ದ್ವೀಪಗಳನ್ನೂ ಸಾವಿರಾರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಸುತ್ತಿ ಆಮೆಗಳ ನೆಲೆಗಳನ್ನು ಗುರುತಿಸಿದರು. ಲಕ್ಷದ್ವೀಪದ ಸುಹೇಲಿಯಲ್ಲಿ ಹಸಿರು ಕಡಲಾಮೆಗಳು ಮೊಟ್ಟೆಯಿಡುವುದು ಮಳೆಗಾಲದಲ್ಲಿ. ಆಗ ಅಲ್ಲಿಗೆ ದೋಣಿ ಹೋಗದು. 1982ರಲ್ಲಿ ಅವರು ಆ ನಿರ್ಜನ ದ್ವೀಪದಲ್ಲಿ ತಿಂಗಳುಗಟ್ಟಲೆ ಒಬ್ಬರೇ ಉಳಿದರು. ಪತ್ನಿಗೆ ಬರೆದ ಪತ್ರವನ್ನು ಬಾಟಲಿಯಲ್ಲಿಟ್ಟು ಕಡಲಿಗೆ ಬಿಟ್ಟರು. ಅದು ಶ್ರೀಲಂಕಾದ ಮೀನುಗಾರನೊಬ್ಬನ ಕೈಸೇರಿ, ಅವನ ಸೌಜನ್ಯದಿಂದ ಮನೆ ತಲಪಿತು. 2023ರಲ್ಲಿ ಅವರು ನಿಧನರಾದರು. ಅವರು ಬಿಟ್ಟುಹೋದ ಆಸ್ತಿ ಯಾವ ತೀರದಲ್ಲಿ ಎಷ್ಟು ಗೂಡು, ಎಷ್ಟು ಜಾಡು ಎಂಬ ನಂಬಲರ್ಹವಾದ ಲೆಕ್ಕ.

ಲೆಕ್ಕವೇ ಮೂರನೆಯ ಪಾಠ. ಮರಿಗಳು ಹೋದ ಮೇಲೆ ಗೂಡನ್ನು ಅಗೆದು, ಒಡೆದ ಚಿಪ್ಪುಗಳನ್ನೂ ಒಡೆಯದೆ ಉಳಿದ ಮೊಟ್ಟೆಗಳನ್ನೂ ಎಣಿಸಿ ಬರೆಯಬೇಕು. ನಷ್ಟವನ್ನು ಮರೆಮಾಚಿದ ಕಿರ್ದಿ ವ್ಯಾಪಾರಿಯನ್ನು ಮುಳುಗಿಸುವಂತೆ, ಸತ್ತ ಮೊಟ್ಟೆಗಳನ್ನು ಬರೆಯದ ಪುಸ್ತಕ ಮುಂದಿನ ವರ್ಷದ ಮರಿಗಳನ್ನು ಕೊಲ್ಲುತ್ತದೆ. ದಡದಲ್ಲಿ ಕಾಣುವ ಹೆಣಗಳನ್ನೂ ದಾಖಲಿಸಬೇಕು. 2025ರ ಜನವರಿಯಲ್ಲಿ ಚೆನ್ನೈ ತೀರಕ್ಕೆ ನೂರಾರು ಸತ್ತ ಆಮೆಗಳು ತೇಲಿಬಂದವು. ಆಮೆಯು ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ. ಟ್ರಾಲರ್ ಬಲೆಯಲ್ಲಿ ಸಿಕ್ಕಿ ಮೇಲೇಳಲಾಗದಿದ್ದರೆ ಉಸಿರುಗಟ್ಟಿ ಸಾಯುತ್ತದೆ. ಹ್ಯಾಚರಿಯಲ್ಲಿ ಉಳಿಸಿದ ಮರಿಗಳ ಸಂತೋಷದಲ್ಲಿ ಸತ್ತ ತಾಯಂದಿರ ಲೆಕ್ಕವನ್ನು ಮರೆಯುವುದು ಆತ್ಮವಂಚನೆ.

ಕುಂದಾಪುರ, ಹೊನ್ನಾವರ, ಕಾರವಾರಗಳ ಮರಳಿಗೂ ಈ ಆಮೆಗಳು ಬರುತ್ತವೆ. ಅಲ್ಲಿ ಸೇವೆಗೆ ಹೊರಡುವ ತರುಣರು ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನೂ, ತೀರವನ್ನು ಬಲ್ಲ ಮೀನುಗಾರರ ಮಾರ್ಗದರ್ಶನವನ್ನೂ ಪಡೆಯಲಿ. ಯಾವಾಗ ಕೈ ಚಾಚಬೇಕು, ಯಾವಾಗ ಹಿಂತೆಗೆಯಬೇಕು ಎಂಬ ವಿವೇಕ ಬಂದ ದಿನ ಅವರ ದಯೆ ಆಮೆಗಳ ಉಪಯೋಗಕ್ಕೆ ಬಂದೀತು.