ಜೀತದಾಳಿನ ವಂಶಾವಳಿ

ಯಾದಗಿರಿಯ ಕೋಟೆಯನ್ನು ಹಿಂದಿಕ್ಕಿ, ಭೀಮೆಯನ್ನು ದಾಟಿ ಪಡುವಣಕ್ಕೆ ಸಾಗಿದರೆ ಮಲಗಿದ ಬುದ್ಧನಂತೆ ತೋರುವ ಶಹಾಪುರದ ಬೆಟ್ಟವು ಎದುರಾಗುತ್ತದೆ. ಅಲ್ಲಿಂದ ಮುಂದೆ ಸುರಪುರ. 1858ರಲ್ಲಿ ಮಡಿದ ರಾಜಾ ವೆಂಕಟಪ್ಪ ನಾಯಕನ ವಂಶವನ್ನು ಅಲ್ಲಿ ಹಲವರು ಹೇಳಿಯಾರು. ಈ ಹೊಲಗಳನ್ನು ಉತ್ತ ಜೀತದಾಳಿನ ವಂಶವನ್ನು ಹೇಳುವವರಾರು?

1948ರವರೆಗೆ ಈ ಮೂರೂ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಸಾಲಕ್ಕೆ ದುಡಿಮೆಯನ್ನೇ ಒತ್ತೆಯಿಟ್ಟವನಿಗೆ ಆ ಸಂಸ್ಥಾನದಲ್ಲಿ ಭಗೇಲಾ ಎಂಬ ಹೆಸರಿದ್ದಿತು. ತಂದೆಯ ಋಣವು ಮಗನ ಹೆಗಲಿಗೇರುತ್ತಿತ್ತು. 1936ರಲ್ಲಿ ಸರ್ಕಾರವು ಇದಕ್ಕೆ ಕಡಿವಾಣ ಹಾಕಲೆಳಸಿತಾದರೂ ಪದ್ಧತಿಯು ಅಳಿಯಲಿಲ್ಲ. ಭಾರತದ 1976ರ ಕಾಯಿದೆಯು ಜೀತವನ್ನು ನಿಷೇಧಿಸಿ, ಅದರ ಸಾಲವನ್ನೂ ರದ್ದುಗೊಳಿಸಿತು. ಬಿಡುಗಡೆಯಾದವರ ಹೆಸರು, ವಿಳಾಸ, ಕಸುಬು, ವರಮಾನಗಳನ್ನು ಜಾಗೃತಿ ಸಮಿತಿಯು ದಫ್ತರದಲ್ಲಿ ಬರೆದಿಡಬೇಕೆಂಬುದು ಅದರ ನಿಯಮ.

ವಿಧಿಯ ವೈಚಿತ್ರ್ಯವನ್ನು ನೋಡಿರಿ! ಕಟ್ಟಿಹಾಕಿದ ಸಾಲದ ಪತ್ರವೂ ಬಿಡಿಸಿದ ಬಿಡುಗಡೆಯ ಪತ್ರವೂ ಇಂದು ಬಡವನ ವಂಶಾವಳಿಗೆ ಆಧಾರಗಳಾಗಿವೆ. ಮೊಮ್ಮಗನು ಅಜ್ಜನ ಹೆಸರನ್ನು ಸಾಲಿಗನ ಲೆಕ್ಕದಲ್ಲಿಯೇ ಹುಡುಕಬೇಕು. ಯಾವ ಲೆಕ್ಕಕ್ಕೂ ಸೇರದ ಅಜ್ಜಿಯ ಹೆಸರಾದರೋ ಹಿರಿಯರ ನೆನಪಿನಲ್ಲಿ ಮಾತ್ರ ಉಳಿದೀತು. ಆದುದರಿಂದ, ಸೋದರಿಯರೇ, ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿರಿ.