ಅಡ್ಡ ಮೊದಲೋ, ಉದ್ದ ಮೊದಲೋ

ರಂಗೋಲಿ ಪುಸ್ತಕ ನೋಡಿ ಬಿಡಿಸಿದವರಿಗೆಲ್ಲ ಗೊತ್ತು. ಸಾಲಿಗೆ 7 ಚುಕ್ಕಿಯಂತೆ 5 ಸಾಲು ಎಂದು ಬರೆದಿದ್ದನ್ನು ತಿರುವುಮುರುವಾಗಿ ಓದಿಕೊಂಡರೆ ನವಿಲಿನ ಕತ್ತು ಹೊಸ್ತಿಲು ಹತ್ತುತ್ತದೆ. 7ಕ್ಕೆ 7 ಇದ್ದರೆ ಮಾತ್ರ ಹೇಗೆ ಓದಿಕೊಂಡರೂ ನಡೆದೀತು. ಕಂಪ್ಯೂಟರಿಗೆ ಚಿತ್ರ ನೋಡಲು ಕಲಿಸುವ ನನ್ನ ಕೆಲಸದಲ್ಲಿ ಹೆಚ್ಚಿನ ತಲೆನೋವು ಇಷ್ಟರದ್ದೇ ಎಂದರೆ ನಮ್ಮ ಬೀದಿಯ ಹೆಂಗಸರು ನಗುತ್ತಾರೆ.

ಕಂಪ್ಯೂಟರಿಗೆ ಫೋಟೋ ಎಂದರೆ ಅಂಕಿ ತುಂಬಿದ ಚೌಕುಳಿ, ಅಷ್ಟೆ. ಶಾಲೆಯ ಗ್ರಾಫ್ ಹಾಳೆಯಲ್ಲಿ ಮೊದಲು ಎಕ್ಸ್, ಅಂದರೆ ಅಡ್ಡಕ್ಕೆ ಎಷ್ಟು. ಆಮೇಲೆ ವೈ, ಮೇಲಕ್ಕೆ ಎಷ್ಟು. ಗಣಿತದವರ ಮ್ಯಾಟ್ರಿಕ್ಸಿನಲ್ಲಿ ಮೊದಲು ಸಾಲು, ಆಮೇಲೆ ಕಂಬ. ಫೋಟೋದ ಅಂಕಿಗಳು ಈ ಎರಡನೆಯ ಪದ್ಧತಿಯವು. ಸಾಲಿನ ಎಣಿಕೆಯೂ ಮೇಲಿನಿಂದ ಕೆಳಕ್ಕೆ, ಹಳೆಯ ಟಿ.ವಿ.ಯ ಪಿಕ್ಚರ್ ಟ್ಯೂಬಿನಲ್ಲಿ ಕಿರಣ ಗೆರೆಗೆರೆಯಾಗಿ ಇಳಿಯುತ್ತಿತ್ತಲ್ಲ, ಹಾಗೆ. ನಂಪೈ ಎಂಬ ಉಪಕರಣವನ್ನು ಚಿತ್ರದ ಗಾತ್ರ ಕೇಳಿದರೆ ಎತ್ತರ ಮೊದಲು ಹೇಳುತ್ತದೆ. ಓಪನ್ ಸಿವಿಗೆ ಚಿತ್ರವನ್ನು ಕುಗ್ಗಿಸು ಎಂದರೆ ಅಗಲ ಮೊದಲು ಕೊಡು ಎನ್ನುತ್ತದೆ. ಅತ್ತೆಯದೊಂದು ರೀತಿ, ಮಾವನದೊಂದು ರೀತಿ ಇರುವ ಮನೆಯಲ್ಲಿ ಸಂಸಾರ ಮಾಡಿದಂತೆ!

ಒಂದು ಕಂಪನಿಗಾಗಿ ಅಡಿಕೆ ಗೊನೆ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸುತ್ತಿದ್ದೆವು. ಮಲೆನಾಡಿನ ಸಣ್ಣ ಪಟ್ಟಣವೊಂದರಲ್ಲಿ 11 ಮಂದಿ ಹೆಂಗಸರು ಫೋಟೋದಲ್ಲಿನ ಪ್ರತಿ ಗೊನೆಯ ಸುತ್ತ ಮೌಸಿನಿಂದ ಚೌಕಟ್ಟು ಎಳೆದು ಕಳಿಸುತ್ತಿದ್ದರು. ಚೌಕಟ್ಟಿಗೆ ಇಷ್ಟು ಎಂದು ಸಂಬಳ. ಮೊದಲ ಕಂತು ಚೆನ್ನಾಗಿಯೇ ನಡೆಯಿತು. ಎರಡನೆಯ ಕಂತು ಬಂದದ್ದೇ ಕಂಪ್ಯೂಟರಿಗೆ ಬುದ್ಧಿ ಕೆಟ್ಟಿತು; ಕಾಂಡವನ್ನೂ ಆಕಾಶವನ್ನೂ ಗೊನೆ ಎನ್ನತೊಡಗಿತು. “ಮಾತಾಡಿಕೊಂಡು ಎಲ್ಲೆಲ್ಲೋ ಗೆರೆ ಎಳೆದಿದ್ದಾರೆ” ಎಂದರು ಮ್ಯಾನೇಜರು. ಆ ಕಂತಿನ ಹಣ ತಡೆಹಿಡಿದರು.

ನನಗೆ ಈ ಮಾತು ಹಿಡಿಸಲಿಲ್ಲ. ಹೆಂಗಸರು ಬಳಸುತ್ತಿದ್ದ ಉಪಕರಣದಲ್ಲೇ ಅವರ ಗುರುತುಗಳನ್ನು ತೆರೆದು ನೋಡಿದೆ. ಅಳತೆಗೆ ಹೊಲಿದ ಕುಪ್ಪಸದಂತೆ ಚೌಕಟ್ಟು ಗೊನೆಗೆ ಸರಿಯಾಗಿ ಕೂತಿತ್ತು. ಆದರೆ ನಮ್ಮ ಪ್ರೋಗ್ರಾಮು ಕತ್ತರಿಸಿಕೊಟ್ಟ ತುಣುಕಿನಲ್ಲಿ ಬರೀ ಎಲೆ. ಇನ್ನೊಂದು ವಿಷಯ ನೋಡಿ: ಅಜಾಗರೂಕತೆಯಿಂದ ತಪ್ಪಿದ ಕೈ ದಿಕ್ಕಿಗೊಂದರಂತೆ ತಪ್ಪುತ್ತದೆ. ಇಲ್ಲಿ ಹಾಗಲ್ಲ. ಬಲಗಡೆ ಮೇಲಿದ್ದ ಗೊನೆಗಳ ಬದಲು ಪ್ರತಿ ಸಲವೂ ಎಡಗಡೆ ಕೆಳಗಿನ ತುಣುಕೇ ಬರುತ್ತಿತ್ತು. ಇಷ್ಟು ಶಿಸ್ತಾಗಿ ತಪ್ಪು ಮಾಡುವುದು ಯಂತ್ರಕ್ಕೆ ಮಾತ್ರ ಸಾಧ್ಯ.

ಪರೀಕ್ಷೆಗೆಂದು ಒಂದು ಪುಟಾಣಿ ಚಿತ್ರ ಮಾಡಿಕೊಂಡೆ. 5 ಸಾಲು, 7 ಕಂಬ, ಎಲ್ಲ ಕಪ್ಪು. ಎರಡನೆಯ ಸಾಲಿನ ಆರನೆಯ ಮನೆಯಲ್ಲಿ ಒಂದೇ ಬಿಳಿ ಚುಕ್ಕಿ. ಎಣಿಕೆ 0ಯಿಂದ ಶುರುವಾಗುವುದರಿಂದ ಅದು ಸಾಲು 1, ಕಂಬ 5. ಪ್ರೋಗ್ರಾಮಿನ ಒಂದೊಂದು ಮೆಟ್ಟಿಲಲ್ಲೂ ಚುಕ್ಕಿ ಎಲ್ಲಿದೆ ಎಂದು ನೋಡುತ್ತ ಹೋದೆ. ಓದುವಾಗ ಸರಿ, ಬಣ್ಣ ಬದಲಿಸುವಾಗ ಸರಿ. ಕತ್ತರಿಸುವ ಮೆಟ್ಟಿಲಲ್ಲಿ ಕೈಗೆ ಬಂದದ್ದು ಖಾಲಿ ತುಣುಕು. ಅಲ್ಲಿ ಸಾಲು 5, ಕಂಬ 1 ಎಂದು ಕೇಳಲಾಗಿತ್ತು. 0ಯಿಂದ 4ರವರೆಗೆ ಮಾತ್ರ ಸಾಲುಗಳಿರುವಾಗ ಐದನ್ನು ಎಲ್ಲಿಂದ ತರಬೇಕು?

ಇಲ್ಲದ ಒಂದು ಚುಕ್ಕಿ ಕೇಳಿದರೆ ಕಂಪ್ಯೂಟರ್ ತಪ್ಪೆಂದು ಕೂಗುತ್ತದೆ. ಇಲ್ಲದ ತುಣುಕು ಕೇಳಿದರೆ ಮಾತ್ರ ಸದ್ದಿಲ್ಲದೆ ಖಾಲಿ ತಟ್ಟೆ ಮುಂದಿಡುತ್ತದೆ. ಲೆಕ್ಕ ಹೆಚ್ಚುಕಡಿಮೆಯಾಗಿ ಋಣ ಸಂಖ್ಯೆ ಬಂದರಂತೂ ಹಿಂದಿನ ತುದಿಯಿಂದ ಎಣಿಸಿ ಬೇರೇನನ್ನೋ ಕೊಟ್ಟುಬಿಡುತ್ತದೆ. ಈ ಅತಿವಿನಯವೇ ಅಪಾಯ.

ಮೊದಲ ಕಂತಿನಲ್ಲಿ ಏಕೆ ಗೊತ್ತಾಗಲಿಲ್ಲ ಅಂತೀರಾ? ಆಗಿನ ಫೋಟೋಗಳು 640ಕ್ಕೆ 640, ಗೊನೆ ನಟ್ಟನಡುವೆ. ಅಡ್ಡ ಉದ್ದ ಅದಲುಬದಲಾದರೂ ಚೌಕಟ್ಟು ಹೆಚ್ಚುಕಡಿಮೆ ಅಲ್ಲೇ ಬೀಳುತ್ತಿತ್ತು. ಎರಡನೆಯ ಕಂತಿನವು ಮೊಬೈಲಿನವು, 3000 ಅಗಲ, 4000 ಎತ್ತರ, ಗೊನೆ ಎಲ್ಲೋ ಮೂಲೆಯಲ್ಲಿ. ತಪ್ಪು ಮೊದಲಿನಿಂದಲೂ ಇತ್ತು, 7ಕ್ಕೆ 7ರ ಮರೆಯಲ್ಲಿ.

ತಿದ್ದಿದ್ದು ಒಂದೇ ಸಾಲು. ತಿದ್ದುವ ಮುಂಚಿನ, ಆಮೇಲಿನ ತುಣುಕುಗಳನ್ನು ಅಕ್ಕಪಕ್ಕ ಇಟ್ಟು ಮ್ಯಾನೇಜರಿಗೆ ಕಳಿಸಿದೆ. “ಓ, ತಾಂತ್ರಿಕ ದೋಷ” ಎಂದರು. ಹೆಂಗಸರದಾಗಿದ್ದರೆ ಅಜಾಗರೂಕತೆ, ಪ್ರೋಗ್ರಾಮಿನದಾದರೆ ತಾಂತ್ರಿಕ ದೋಷ! ಮುಂದಿನ ವಾರ ಹಣವೇನೋ ಹೋಯಿತು, ಒಂದು ಮಾತು ಹೋಗಲಿಲ್ಲ. ನಾನೇ ಫೋನು ಮಾಡಿ, ನಿಮ್ಮ ಗೆರೆಗಳೆಲ್ಲ ಸರಿಯಾಗಿದ್ದವು ಎಂದೆ.

“ಅದು ನಮಗೆ ಗೊತ್ತಿತ್ತಲ್ಲ” ಎಂದರು ಅವರಲ್ಲಿ ಹಿರಿಯರು. “ಮೂರನೇ ಕಂತಿನ ಫೋಟೋ ಯಾವಾಗ ಕಳಿಸ್ತೀರಿ?”